ಮಾವನ ಎಣ್ಣೆಕಡ್ಡಿ

ಬೈಲಹೊಂಗಲದಲ್ಲಿ ಎಡಗಾಲಿಗೆ ಪೂರ್ತಿ ರಜೆ ಕೊಟ್ಟು ಕಾರು ಓಡಿಸಿದ ಏಕೈಕ ಗೃಹಸ್ಥರು ನಮ್ಮ ಸೋದರಮಾವ! ಎಪ್ಪತ್ತರ ದಶಕದ ಆರಂಭದಲ್ಲಿ ಯಾರೋ ಸಾಹುಕಾರರು ಸಾಕೆಂದು ಬಿಟ್ಟ ಅಮೆರಿಕದ ಕಾರನ್ನು ಮನೆಗೆ ತಂದರು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ನೇಸರಗಿಯಿಂದಲೂ ಜನ ನೋಡಲು ಬಂದರು. ಮಾವ ಒಬ್ಬೊಬ್ಬರನ್ನೂ ಬಗ್ಗಿಸಿ, ಇಲ್ಲದ ಕ್ಲಚ್ಚನ್ನು ತೋರಿಸಿ ಕಳಿಸುತ್ತಿದ್ದರು.

ಆ ಗೇರುಪೆಟ್ಟಿಗೆ ನಡೆಯುವುದು ಒಂದು ಕೆಂಪು ಎಣ್ಣೆಯ ಮೇಲೆ. ಡಬ್ಬಿ ಮುಂಬಯಿಯಿಂದ ಬರಬೇಕು. ಮಾವ ಅದನ್ನು ಇಟ್ಟದ್ದೆಲ್ಲಿ? ದೇವರ ಜಗುಲಿಯ ಮೇಲೆ! ಅತ್ತೆ ಒಮ್ಮೆ ಕೆಳಗಿಳಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಇಂಥವರ ಜೊತೆ ಹೇಗೆ ಬಾಳಿದಳೋ ಆ ಮಹಾತಾಯಿ!

ಅಮಾವಾಸ್ಯೆಗೊಮ್ಮೆ ಕಾರಿಗೆ ಪೂಜೆ, ಕಾಯಿ ಒಡೆದ ಮೇಲೆ ಎಣ್ಣೆಯ ತಪಾಸಣೆ. ಎಂಜಿನ್ ಮಾತ್ರ ಬಂದ್. ಪೂಜೆಗೆ ಕೂತದ್ದು ಗುರುಗುಟ್ಟಬಾರದಂತೆ. ಉದ್ದನೆಯ ಕಡ್ಡಿ ಎಳೆದು, ಹಳೆ ಧೋತರದ ತುಂಡಿನಿಂದ ಒರೆಸಿ, ಮತ್ತೆ ಅದ್ದಿ ಎತ್ತಿ, ಎಣ್ಣೆ ಗುರುತು ಮುಟ್ಟಿದೆಯೆಂದು ಬೀಗುತ್ತಿದ್ದರು.

ಬೆಳಗಾವಿಯ ಮಿಸ್ತ್ರಿ ನನ್ನೆದುರಿಗೇ ತಿಳಿಸಿ ಹೇಳಿದ್ದ. ಗಾಡಿಯನ್ನು ಓಡಿಸಿ ಬಿಸಿ ಮಾಡಿ, ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇರುವಾಗಲೇ ಕಡ್ಡಿ ಎತ್ತಬೇಕು. ಬಂದ್ ಮಾಡಿದರೆ ಮೇಲಿನ ಎಣ್ಣೆಯೂ ತಳಕ್ಕಿಳಿದು, ಕಡಿಮೆಯಿದ್ದರೂ ತುಂಬಿದಂತೆ ಕಾಣುತ್ತದೆ. ಒಂದು ಅಮಾವಾಸ್ಯೆಯ ಪೂಜೆಯಲ್ಲಿ ನಾನು ಇದನ್ನು ನೆನಪಿಸಿದರೆ ಮಾವ ಕಡ್ಡಿಯನ್ನು ನನ್ನ ಮೂಗಿನ ತನಕ ತಂದರು.

"ಓಡೂ ಎತ್ತಿನ ಹಲ್ಲು ಯಾವನರೆ ಎಣಸ್ತಾನೇನೋ?"

ನೆರೆದವರು ನಕ್ಕರು. ಕಾಲೇಜು ಮುಗಿಸಿದ ಜಾಣ ನಾನೂ ಹಲ್ಲು ಕಿರಿದೆ. ಆ ನಗೆಗಾಗಿ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ.

ಮರುವಾರವೇ ಕಟಕೋಳದಿಂದ ಸುದ್ದಿ ಬಂತು. ಅತ್ತೆಯ ತಾಯಿಗೆ ಮೇಲುಸಿರು, ಮಗಳನ್ನೇ ಕೇಳುತ್ತಿದ್ದಾರೆ. ಅತ್ತೆ ಚೀಲ ಹಿಡಿದು ಬಸ್ಸಿಗೆ ಹೊರಟೇಬಿಟ್ಟಿದ್ದಳು. ಇಂಥ ಕಾರು ಮನೆಯಲ್ಲಿಟ್ಟುಕೊಂಡು ಬಸ್ಸೇ ಎಂದು ಮಾವ ಚೀಲ ಕಸಿದರು. ನಾನೂ ಹಿಂದಿನ ಸೀಟಿಗೆ ಹತ್ತಿದೆ. ಅರ್ಧ ದಾರಿಯ ಒಂದು ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯಿತು, ಗಾಲಿ ಕದಲಲಿಲ್ಲ. ತಿಂಗಳಾನುಗಟ್ಟಲೆ ಹನಿಹನಿಯಾಗಿ ಸೋರಿ ಎಣ್ಣೆ ತಳ ಕಂಡಿತ್ತು. ಡಬ್ಬಿ? ಜಗುಲಿಯ ಮೇಲೆ! ನಾವು ಬಿಟ್ಟ ಬಸ್ಸು ಕಿಕ್ಕಿರಿದು ಬಂತು, ಕೈ ಮಾಡಿದರೂ ನಿಲ್ಲದೆ ಹೋಯಿತು.

ಯಾರದೋ ಎತ್ತಿನ ಚಕ್ಕಡಿಯಲ್ಲಿ ಮುಟ್ಟಿದಾಗ ಜೀವ ಹೋಗಿ ತಾಸಾಗಿತ್ತು. ತಾಯಿಯನ್ನು ರೂಢಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಕೊನೆಯವರೆಗೂ ಕಣ್ಣು ಬಾಗಿಲ ಕಡೆಗೇ ಇತ್ತಂತೆ. ಅತ್ತೆ ಮಾವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಮಾವ ಬದುಕಿಕೊಳ್ಳುತ್ತಿದ್ದರು! ಆಮೇಲೆ ಅವಳು ಆ ಕಾರು ಹತ್ತಲಿಲ್ಲ. ಕಿತ್ತೂರಿಗಾಗಲಿ ಸವದತ್ತಿಗಾಗಲಿ ಬಸ್ಸಿನಲ್ಲೇ ಹೋದಳು. ನನಗೂ ಮಾವನ ಮುಖ ನೋಡಿದರೆ ಮೈ ಉರಿಯುತ್ತಿತ್ತು.

ತಾಯಿ ತೀರಿ ವರ್ಷ ತುಂಬಿದ ದಿನ ಅತ್ತೆ ಕಟಕೋಳಕ್ಕೆಂದು ಮತ್ತೆ ಚೀಲ ಹಿಡಿದು ಹೊರಬಂದಳು. ಮಾವ ಊರೆಲ್ಲ ಸುತ್ತಿಸಿ ಬಿಸಿ ಮಾಡಿದ ಕಾರನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಎಂಜಿನ್ ಚಾಲೂ ಇತ್ತು. ಕಡ್ಡಿ ಎತ್ತಿ ನೋಡಿದರು, ಕೆಂಪು ಎಣ್ಣೆಯನ್ನು ತುಸುತುಸುವೇ ಹುಯ್ದರು, ಮತ್ತೆ ನೋಡಿದರು. ಆಮೇಲೆ ಕಡ್ಡಿಯನ್ನು ನನ್ನತ್ತ ಚಾಚಿದರು.

"ನೀ ನೋಡಪಾ. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಗಿ ಇಲ್ಲ."

ಎಣ್ಣೆ ಸರಿಯಾಗಿದೆ ಎಂದೆ. ಮಾವ ಹೆಂಡತಿಗಾಗಿ ಕಾರಿನ ಬಾಗಿಲು ತೆರೆದು ಹಿಡಿದು ನಿಂತರು. ಅತ್ತೆ ಒಳಗೆ ಕೂತು ಸೆರಗು ಎಳೆದುಕೊಂಡಳು.

"ಸಾವಕಾಶ ನಡಸ್ರಿ," ಎಂದಳು. "ಅಲ್ಲಿ ಈಗ ನನ್ನ ದಾರಿ ಕಾಯವ್ರು ಯಾರೂ ಇಲ್ಲ."