ನಾದಿನಿಯ ಟ್ಯಾಕಲ್ಲು, ಭಾವನ ಬೆನ್ನು

ನಮ್ಮ ಮನೆಯಲ್ಲಿ ಒಬ್ಬಳು ಪ್ರೊಫೆಷನಲ್ ರಗ್ಬಿ ಆಟಗಾರ್ತಿ ಇದ್ದಾಳೆ. ಹಾಗೆನ್ನುವವಳು ಅವಳೇ. ತನ್ನ ವೃತ್ತಿಜೀವನದಲ್ಲಿ ಆಕೆ ಅತಿ ಹೆಚ್ಚು ಸಲ ನೆಲಕ್ಕೆ ಕೆಡವಿದ ಎದುರಾಳಿ ಯಾರು? ಎಡ ಮಂಡಿ ಸರಿಯಿಲ್ಲದ, ಮಧ್ಯಭಾಗ ಸ್ವಲ್ಪ ಸಮೃದ್ಧವಾಗಿರುವ, ನಲವತ್ತೊಂಬತ್ತು ವರ್ಷದ ಒಬ್ಬ ಐ.ಟಿ. ನೌಕರ. ಅಂದರೆ ನಾನು, ಅವಳ ಅಕ್ಕನ ಗಂಡ.

ರಗ್ಬಿಯಲ್ಲಿ ಎರಡು ಮತಗಳಿವೆ. ಹದಿನೈದು ಜನ ಆಡುವುದು ಯೂನಿಯನ್, ಹದಿಮೂರು ಜನ ಆಡುವುದು ಲೀಗ್. ನನ್ನ ನಾದಿನಿ ಹದಿಮೂರರ ಮತಕ್ಕೆ ಸೇರಿದವಳು. ಎರಡಕ್ಕೂ ಏನು ವ್ಯತ್ಯಾಸವೆಂದು ಒಮ್ಮೆ ಬಾಯಿತಪ್ಪಿ ಕೇಳಿ, ಸಾರನ್ನದಿಂದ ಮಜ್ಜಿಗೆ ಅನ್ನದವರೆಗೆ ಉಪನ್ಯಾಸ ಕೇಳಿದ್ದೇನೆ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಚೆಂಡು ಹಿಡಿದವರನ್ನು ಕೆಡವಬೇಕು, ಅದಕ್ಕೆ ಟ್ಯಾಕಲ್ಲು ಎನ್ನುತ್ತಾರೆ; ಎದ್ದರೆ ಮತ್ತೆ ಕೆಡವಬೇಕು.

ಮಂಡ್ಯದ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು ಇವಳು. ನಾವಿರುವ ಡಚ್ ನಾಡಿಗೇ, ಲೈಡನ್ ಊರಿನ ಲ್ಯಾಬೊಂದಕ್ಕೆ ಸಂಶೋಧನೆಗೆಂದು ಬಂದು, ಸಂಜೆ ಹೊತ್ತು ಈ ಆಟಕ್ಕೆ ಸೇರಿದಳು. ಮೊದಲ ಪಂದ್ಯ ನೋಡಲು ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಚೆಂಡು ಕೈಗೆ ಬಂದದ್ದೇ ತಡ, ಬಾಣದಂತೆ ನುಗ್ಗಿದಳು. ಎದುರು ತಂಡದ ಇಬ್ಬರನ್ನು ಮುಟ್ಟಿದಳು. ಆಮೇಲೆ ಸರಕ್ಕನೆ ತಿರುಗಿ, ಅಷ್ಟೇ ವೇಗದಲ್ಲಿ ಮಧ್ಯದ ಗೆರೆ ದಾಟಿ ತನ್ನ ಕಡೆಗೇ ವಾಪಸು ಓಡಿ, ಎರಡೂ ಕೈ ಮೇಲೆತ್ತಿ ನಿಂತಳು. ಡಚ್ ಕೋಚಮ್ಮ ಹಣೆ ಹಿಡಿದುಕೊಂಡಳು. ಇಡೀ ಮೈದಾನದಲ್ಲಿ ಚಪ್ಪಾಳೆ ತಟ್ಟಿದ್ದು ನನ್ನ ಹೆಂಡತಿ ಒಬ್ಬಳೇ.

"ಎರಡು ಪಾಯಿಂಟ್ ಕಣ್ರೀ," ಎಂದು ನನಗೆ ತಿಳಿಸಿಕೊಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಅಂದೇ ಬೂಟು ಕಳಚಿಡುತ್ತಿದ್ದರು. ಇವಳು ಹಟ ಹಿಡಿದು ಮುಂದಕ್ಕೆ ಓಡುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಇಂಗ್ಲೆಂಡಿನ ಪ್ರೊಫೆಷನಲ್ ಕ್ಲಬ್ಬೊಂದು ಯುಟ್ರೆಕ್ಟ್‌ನಲ್ಲಿ ಒಂದು ದಿನದ ಟ್ರಯಲ್ಸ್ ಇಟ್ಟಾಗ ಕೋಚಮ್ಮ ಇವಳ ಹೆಸರನ್ನೂ ಕಳಿಸಿದಳು. ಆಯ್ಕೆಯಾದರೆ ಒಪ್ಪಂದ, ಸಂಬಳ ಎಲ್ಲ ಉಂಟು. ಆಯ್ಕೆಯಾಗುವವರೆಗೂ ಕಾಯುವ ಸ್ವಭಾವ ಇವಳದಲ್ಲವಾದ್ದರಿಂದ ಅಂದಿನಿಂದಲೇ ಪ್ರೊಫೆಷನಲ್ ಆದಳು. "ನಂಗೀಗ ಇಪ್ಪತ್ತೊಂಬತ್ತು ಭಾವ. ಇದು ತಪ್ಪಿದ್ರೆ ಇನ್ನೊಂದು ಸಿಗೋದು ಕಷ್ಟ," ಎಂದಿದ್ದಳು.

ಆಗ ಬಂತು ಕೊರೋನಾ. ಎಲ್ಲರೂ ಒಂದೂವರೆ ಮೀಟರ್ ದೂರ ನಿಲ್ಲಬೇಕೆಂದು ಸರ್ಕಾರ ಅಪ್ಪಣೆ ಮಾಡಿದ ಹೊತ್ತಿನಲ್ಲಿ ಇವಳ ಬಳಿ ಇದ್ದದ್ದು ಜನರನ್ನು ತಬ್ಬಿ ಉರುಳಿಸುವ ವಿದ್ಯೆ. ಟ್ರಯಲ್ಸ್ ಮುಂದಕ್ಕೆ ಹೋಯಿತು. ಎರಡು ವಾರಕ್ಕೆಂದು ಒಂದು ಸೂಟ್‌ಕೇಸ್ ಹಿಡಿದು ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪ್‌ನ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ನೆತ್ತಿಯ ಮೇಲೆ ಹಾರುತ್ತಿದ್ದ ವಿಮಾನಗಳೆಲ್ಲ ನಿಂತು ಊರು ನಿಶ್ಶಬ್ದವಾಗಿದ್ದಾಗ, ಮಹಡಿಯ ಮೇಲೆ ಇವಳು ಸ್ಕಿಪ್ಪಿಂಗ್ ಮಾಡಿ ಆ ಕೊರತೆ ತುಂಬಿದಳು.

ಒಂದು ದಿನ ಡಚ್ ಭಾಷೆಯ ನಿಯಮಗಳನ್ನು ಅಕ್ಷರ ಬಿಡದೆ ಓದಿ ಮುಗಿಸಿ ಹೇಳಿದಳು: "ಭಾವ, ಒಂದೇ ಮನೆಯವರು ಒಬ್ಬರನ್ನೊಬ್ಬರು ಮುಟ್ಟಬಹುದಂತೆ."

"ಒಳ್ಳೇದಾಯ್ತಲ್ಲಮ್ಮ," ಎಂದೆ, ಪಾಪದವನು.

"ನಿಮ್ಮ ಹತ್ರ ಹಳೇ ಟೀ ಶರ್ಟ್ ಇದೆಯಾ?"

ಹೆಂಡತಿಗೆ ಬೆನ್ನುನೋವೆಂದು ವಿನಾಯಿತಿ ಸಿಕ್ಕಿತು. ನನಗೆ ಬೆನ್ನುನೋವು ಆಮೇಲೆ ಬಂತು.

ದಿನವೂ ಸಂಜೆ ಆರಕ್ಕೆ ಮನೆ ಹಿಂದಿನ ಹುಲ್ಲುಬಯಲು. ನಾನು ಚೆಂಡು ಹಿಡಿದು ಓಡುವುದು, ಅವಳು ನನ್ನನ್ನು ಕೆಡವುವುದು. ತೊಂಬತ್ತು ಕೆ.ಜಿ. ತೂಕದ ಭಾವನನ್ನು ಒದ್ದೆ ಹುಲ್ಲಿಗೆ ಅಪ್ಪಳಿಸುವುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಆದರೆ ಉರುಳುವಾಗ ಕಾಲು ತಗುಲಿತೋ, "ಅಯ್ಯೋ, ಕಾಲು ತಗುಲ್ತು ಭಾವ," ಎಂದು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಆಮೇಲೆ ಮತ್ತೆ ಕೆಡವುವಳು. ಹೆಂಡತಿ ತೆಗೆದ ವಿಡಿಯೋ ನೋಡಿ ಕೋಚಮ್ಮ ಸಂದೇಶ ಕಳಿಸಿದಳು: ಹಿಡಿತ ಅತ್ಯುತ್ತಮ; ಕೊನೆಯಲ್ಲಿ ಕಣ್ಣು ಒರೆಸಿಕೊಳ್ಳುವುದಕ್ಕೆ ಎರಡು ಸೆಕೆಂಡ್ ಹಾಳಾಗುತ್ತಿದೆ; ಅಂದಹಾಗೆ ಆ ವಯಸ್ಸಾದ ಗಂಡಸಿಗೆ ವಿಮೆ ಇದೆಯೇ?

ಒಮ್ಮೆ ಪುರಸಭೆಯ ಇಬ್ಬರು ಅಧಿಕಾರಿಗಳು ಸೈಕಲ್ ನಿಲ್ಲಿಸಿ ಕೆಳಗಿಳಿದರು. ಇವಳು ನನ್ನ ಎದೆಯ ಮೇಲಿಂದ ಏಳದೆಯೇ ಒಂದೇ ಮನೆಯವರೆಂದು ಡಚ್ಚಿನಲ್ಲಿ ಘೋಷಿಸಿದಳು. ಅವರಲ್ಲಿ ಹಿರಿಯವನು ಬಗ್ಗಿ ನನ್ನನ್ನೇ ಮೃದುವಾಗಿ ಕೇಳಿದ, "ನಿಮಗೆ ಸಹಾಯ ಬೇಕೇ, ಸರ್?" ನಾನು ಸಾಕಷ್ಟು ಹೊತ್ತು ಯೋಚಿಸಿದೆ. ಅಷ್ಟರಲ್ಲಿ ಬೆಂಚಿನ ಮೇಲಿಂದ ಹೆಂಡತಿ, "ಬೇಡವಂತೆ," ಎಂದಳು.

ಟ್ರಯಲ್ಸ್ ಎರಡನೇ ಸಲವೂ ಮುಂದಕ್ಕೆ ಹೋಯಿತು. ಆ ದಿನ ಮಾತ್ರ ಅಭ್ಯಾಸವಿರಲಾರದು ಎಂದು ನಾನು ಸೋಫಾದಲ್ಲಿ ಆರಾಮಾಗಿ ಕಾಲು ಚಾಚಿದ್ದೆ. ಆರು ಗಂಟೆಗೆ ಸರಿಯಾಗಿ ಬೂಟು ಹಾಕಿಕೊಂಡು ಎದುರು ನಿಂತಳು. "ಏಳಿ ಭಾವ. ಟೈಮ್ ಜಾಸ್ತಿ ಸಿಕ್ತು."

ಮೂರನೇ ದಿನಾಂಕ ಗೊತ್ತಾಯಿತು. ಅದಕ್ಕೆ ಎರಡು ದಿನ ಇರುವಾಗ, ಒಗ್ಗರಣೆ ಹಾಕುತ್ತಿದ್ದ ಹೆಂಡತಿ, "ಇಂಗು ಜಾಸ್ತಿಯಾಯ್ತಾ?" ಎಂದಳು. ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಅವಳು ಅತ್ತ ಹೋದ ಮೇಲೆ ಇಂಗಿನ ಡಬ್ಬಿಗೆ ಮೂಗು ತೂರಿಸಿದೆ. ಶೂನ್ಯ. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಎಲ್ಲರೂ ಹತ್ತು ದಿನ ಹೊಸ್ತಿಲು ದಾಟುವಂತಿರಲಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡು ತಲೆಯೆತ್ತಿದರೆ, ಅಡುಗೆಮನೆ ಬಾಗಿಲಲ್ಲಿ ನಾದಿನಿ ನಿಂತಿದ್ದಳು.

"ನಾನು ಅಟ್ಟದ ರೂಮಲ್ಲಿ ಬಾಗಿಲು ಹಾಕ್ಕೊಂಡಿರ್ತೀನಿ. ನೀನು ಹೋಗಿ ಬಾ," ಎಂದೆ.

"ಅಲ್ಲಿ ಇನ್ನೂ ಇಪ್ಪತ್ತು ಹುಡುಗೀರು ಬರ್ತಾರೆ ಭಾವ. ಅವರನ್ನೆಲ್ಲ ನಾನು ಹಿಡೀಬೇಕಲ್ಲ," ಎಂದು ಫೋನು ತೆಗೆದು ನನ್ನ ಹೆಸರಿನಲ್ಲಿ ಟೆಸ್ಟ್ ಬುಕ್ ಮಾಡಿದಳು.

ಪಾಸಿಟಿವ್. ಟ್ರಯಲ್ಸ್ ಇವಳಿಲ್ಲದೆ ನಡೆಯಿತು. ಜ್ವರದಲ್ಲಿ ಮಲಗಿ ಮೂರು ದಿನ ಒಂದು ಕ್ಷಮಾಪಣೆ ಸಿದ್ಧಪಡಿಸಿದೆ. ಬಾಗಿಲಾಚೆ ಗಂಜಿ ಇಡಲು ಅವಳು ಬಂದಾಗ ಶುರುಮಾಡಿದೆ: "ನನ್ನಿಂದಾಗಿ ನಿನ್ನ..."

"ಇಷ್ಟು ತಿಂಗಳು ನೀವು ಎಷ್ಟು ಸಲ ಬಿದ್ರಿ ಭಾವ, ಒಂದ್ ಸಲ ನಾನು ಬಿದ್ರೆ ಏನಾಯ್ತು? ಮುಂದಿನ ವರ್ಷದ್ದಕ್ಕೆ ಬರೆದಾಯ್ತು. ಗಂಜಿ ಆರೋಗತ್ತೆ, ತಿನ್ನಿ."

ಹತ್ತು ದಿನ ಕಳೆದು ಎದ್ದಾಗ ನಾಲ್ಕು ಹೆಜ್ಜೆಗೆ ಏದುಸಿರು. ಇವತ್ತು ನಡಿಗೆ ಮಾತ್ರ ಎಂದು ಕಾಲುವೆ ಪಕ್ಕ ಕರೆದುಕೊಂಡು ಹೋದಳು. ಒಂದು ಬೆಂಚು ಬಂತು. "ಒಂದ್ನಿಮಿಷ ಭಾವ, ಲೇಸ್ ಬಿಚ್ಕೊಂಡಿದೆ," ಎಂದು ಬಗ್ಗಿದಳು. ನಾನು ಕುಳಿತು ಸುಧಾರಿಸಿಕೊಂಡೆ. ಮುಂದಿನ ಬೆಂಚಿನ ಬಳಿಯೂ ಲೇಸು, ಅದರ ಮುಂದಿನದರ ಬಳಿಯೂ ಲೇಸು. ಲೇಸು ಕಟ್ಟಲು ಬಾರದವಳು ಪ್ರೊಫೆಷನಲ್ ಆದಹಾಗೇ ಇದೆ ಎಂದು ಅಣಕಿಸಲು ಬಾಯಿ ತೆರೆದು, ನಾಲ್ಕನೇ ಬೆಂಚಿನಲ್ಲಿ ಅವಳ ಪಾದದ ಕಡೆ ನೋಡಿದೆ.

ಅವಳು ಹಾಕಿಕೊಂಡಿದ್ದದ್ದು ಚಪ್ಪಲಿ.