ದೊಡ್ಡಪ್ಪನ ಉಳಿದರ್ಧ ಮಾತು

ನಮ್ಮ ದೊಡ್ಡಪ್ಪ ಯಾವ ಮಾತನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಅರ್ಧಕ್ಕೆ ನಿಲ್ಲಿಸುತ್ತಾರೆ, ಅಷ್ಟೇ! ಉಳಿದರ್ಧ ಐದು ನಿಮಿಷಕ್ಕೋ ಅರ್ಧ ಗಂಟೆಗೋ ಬಂದೇ ಬರುತ್ತದೆ. ಒಮ್ಮೆ ಊಟಕ್ಕೆ ಕೂತು "ಸಾರಿಗೆ ಉಪ್ಪು..." ಎಂದವರು ಕಿಟಕಿ ನೋಡುತ್ತಾ ಕಳೆದೇಹೋದರು. ದೊಡ್ಡಮ್ಮ ಗಾಬರಿಯಾಗಿ ಇನ್ನೊಂದು ಚಮಚ ಉಪ್ಪು ಸುರಿದರು. ನಾವೆಲ್ಲ ಮಜ್ಜಿಗೆಗೆ ಬಂದಾಗ ದೊಡ್ಡಪ್ಪ ಮುಗಿಸಿದರು: "...ಸರಿಯಾಗೈತೆ ಕಣೇ."

ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿಯಬೇಕಾದವರು ಊರಿನ ಇನ್ನೊಂದು ತುದಿಯ ಯಲಚೇನಹಳ್ಳಿ ನೋಡಿಕೊಂಡು ಬಂದದ್ದೂ ಉಂಟು. ಇಂಥವರು ಇಂಗ್ಲಿಷ್ ಮೇಷ್ಟರಾದರೆ?

ಆದರು! ಅಬ್ಬಿಗೆರೆಯ ಅವರ ಮನೆಯ ಮಹಡಿಗೆ ಕೊರಿಯಾದ ಗಂಡ ಹೆಂಡತಿ ಬಾಡಿಗೆಗೆ ಬಂದರು. ಆಕೆ ಯಾವುದೋ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದರು. ಮೇಷ್ಟರಾಗುವ ಆಸೆಯಿದ್ದೂ ಪೀಣ್ಯದ ಫ್ಯಾಕ್ಟರಿಯಲ್ಲೇ ಆಯಸ್ಸು ಕಳೆದ ದೊಡ್ಡಪ್ಪನಿಗೆ ಕಡೆಗೂ ಒಬ್ಬ ಶಿಷ್ಯೆ ಸಿಕ್ಕರು. ದಿನಾ ಸಂಜೆ ಮೆಟ್ಟಿಲ ಮೇಲೆ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಪಾಠ, ದೊಡ್ಡಮ್ಮನ ಕಾಫಿ.

ಎಲ್ಲವನ್ನೂ ಸಲೀಸಾಗಿ ಕಲಿತ ಆಕೆಗೆ ಒಂದೇ ಒಂದು ಕ್ರಿಯಾಪದ ಬಗ್ಗಲಿಲ್ಲ: ಝೋನ್ ಔಟ್. ಕಣ್ಣು ತೆರೆದೇ ಇದ್ದು ಮನಸ್ಸು ಎಲ್ಲೋ ಹೋಗಿಬಿಡುವುದು. ಬಲು ಶಿಸ್ತಿನ ಹೆಂಗಸು, "ನಾಳೆ ಐದು ಗಂಟೆಗೆ ಝೋನ್ ಔಟ್ ಆಗುತ್ತೇನೆ" ಎಂದು ವಾಕ್ಯ ಬರೆದು ತಂದರು!

"ಅದು ನಾವ್ ಮಾಡೋದಲ್ಲಮ್ಮ, ತಾನಾಗೇ ಆಗೋದು. ಈಗ ನೋಡು, ನಾನು..." ಎಂದ ದೊಡ್ಡಪ್ಪ ಎದುರುಮನೆಯ ನೀರಿನ ಟ್ಯಾಂಕ್ ನೋಡುತ್ತಾ ನಿಂತುಬಿಟ್ಟರು. ಆಕೆ ಅಭಿನಯವೆಂದುಕೊಂಡು ಶ್ರದ್ಧೆಯಿಂದ ಬರೆದುಕೊಂಡರು. ಇಪ್ಪತ್ತು ನಿಮಿಷ!

"ಏನ್ರೀ, ಆಯಮ್ಮನ ಕಾಫಿ ಆರೋಯ್ತು!" ದೊಡ್ಡಮ್ಮ ಕೂಗಿದರು.

"...ತೋರಿಸ್ತೀನಿ," ಎಂದರು ದೊಡ್ಡಪ್ಪ.

ಪರೀಕ್ಷೆ ಪಾಸಾಯಿತು, ಆ ಪದ ಮಾತ್ರ ಆಕೆಯ ಬಾಯಿಗೆ ಬರಲೇ ಇಲ್ಲ. ಮೇಷ್ಟರಿಗೆ ಅದೊಂದು ಕೊರಗು. ಅಷ್ಟರಲ್ಲಿ ಆಕೆಯ ಗಂಡನಿಗೆ ವರ್ಗವಾಗಿ, ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಗೇಟಿಗೇ ಬಂತು. ಬೆಳಗಿನಿಂದ ಏನೋ ಹೇಳಬೇಕೆಂದು ಚಡಪಡಿಸುತ್ತಿದ್ದ ದೊಡ್ಡಪ್ಪ, "ನೋಡಮ್ಮ, ನೀನು ಹೋದ್ಮೇಲೆ ಈ ಮೆಟ್ಲು..." ಎಂದರು. ನಿಂತರು. ಕಣ್ಣು ಟ್ಯಾಂಕಿನ ಕಡೆ ಹೋಯಿತು.

"ಯಲಹಂಕದಲ್ಲಿ ಜಾಮ್ ಐತೆ, ಫ್ಲೈಟ್ ಮಿಸ್ಸಾಗುತ್ತೆ!" ಎಂದ ಡ್ರೈವರ್. ಗಂಡ ವಾಚು ನೋಡಿಕೊಂಡರು. ನಾನು ದೊಡ್ಡಪ್ಪನ ಭುಜ ಅಲುಗಿಸಲು ಹೋದೆ. ಆಕೆ ಕೈ ಅಡ್ಡ ಹಿಡಿದರು.

"ವೇಟ್. ಸಾರ್ ಝೋನ್ಡ್ ಔಟ್. ಹಿ ವಿಲ್ ಕಮ್ ಬ್ಯಾಕ್."

ಒಂದಕ್ಷರ ತಪ್ಪಿಲ್ಲ! ಕೇಳಿ ಹಿಗ್ಗಬೇಕಾದ ಮೇಷ್ಟರೇ ಅಲ್ಲಿರಲಿಲ್ಲ. ಆಕೆ ಬ್ಯಾಗ್ ಕೆಳಗಿಟ್ಟು ಮೆಟ್ಟಿಲ ಮೇಲೆ ತಮ್ಮ ಜಾಗದಲ್ಲಿ ಕೂತರು. ಐದು ನಿಮಿಷ. ಆರು.

"...ಬಿಕೋ ಅನ್ಸುತ್ತೆ ಕಣಮ್ಮ," ಎಂದರು ದೊಡ್ಡಪ್ಪ.

"ನಂಗೂ, ಸಾರ್," ಎಂದರು ಆಕೆ, ಕನ್ನಡದಲ್ಲೇ.