ಬೀಗರ ಪಂಕ್ತಿಯಲ್ಲಿ ನನ್ನ ದವಡೆ

ನನ್ನ ಹೆಂಡತಿ ದ್ಯಾಮಕ್ಕ ನನ್ನ ಮುಖ ನೋಡಿ ವರ್ಷವಾಯಿತು. ಈಗ ಅವಳು ನೋಡುವುದು ನನ್ನ ದವಡೆಯನ್ನು.

ಹೋದ ವರ್ಷ ಡಾಕ್ಟರು ನನ್ನ ಕೆಟ್ಟ ಕರುಳನ್ನು ಕೊಯ್ದು, ಉಳಿದದ್ದರ ಬಾಯನ್ನು ಹೊಟ್ಟೆಯ ಮೇಲಕ್ಕೆ ತಂದು, ಅದಕ್ಕೊಂದು ರಬ್ಬರಿನ ಚೀಲ ಕಟ್ಟಿ ಜೀವ ಉಳಿಸಿದರು. ಹೊರಗೆ ಹೋಗಬೇಕಾದದ್ದೆಲ್ಲ ಈಗ ಆ ಚೀಲಕ್ಕೇ. ಹೆದರಿ ಎಲ್ಲ ಬಿಡಬೇಡಿ, ಹೊಸದನ್ನು ಒಂದೊಂದಾಗಿ, ಸ್ವಲ್ಪವೇ, ಮನೆಯಲ್ಲೇ ತಿಂದು ನೋಡಿ, ನುಣ್ಣಗೆ ಅಗಿಯಿರಿ, ನೀರು ಕುಡಿಯಿರಿ ಎಂದಿದ್ದರು. ಅಂದಿನಿಂದ ಹೊಸಹಳ್ಳಿಯ ನಮ್ಮ ಅಡುಗೆಮನೆ ಪರೀಕ್ಷಾ ಮಂಡಳಿಯಾಯಿತು. ದ್ಯಾಮಕ್ಕ ಅದರ ಸರ್ವಾಧ್ಯಕ್ಷಿಣಿ. ಶೇಂಗಾ ಹೋಳಿಗೆ ಪಾಸಾಯಿತು. ಮಡಿಕೆಕಾಳು ಫೇಲಾಯಿತು. (ಫೇಲಾದಾಗ ಚೀಲ ಕೂಗುತ್ತದೆ, ಕಟ್ಟೆಯ ಮೇಲೆ ಕೂತವರಿಗೂ ಕೇಳುವಂತೆ.)

ಈ ಬೇಸಿಗೆಯಲ್ಲಿ ಮಗಳು ಗಾದೆಮ್ಮನನ್ನು ಹಲವಾಗಲು ಊರಿಗೆ ಮದುವೆ ಮಾಡಿ ಕೊಟ್ಟೆವು. ಬೀಗರಾದ ಕರಿಸಿದ್ದಪ್ಪನವರು ನಮ್ಮನ್ನು ಊಟಕ್ಕೆ ಕರೆದರು. ಚೀಲದ ಸಂಗತಿ ತಿಳಿದು ಅಲ್ಲಿ ಮಗಳನ್ನು ಆಡಿಕೊಂಡರೆ? ಉರಿಬಿಸಿಲಲ್ಲಿ ದಪ್ಪ ಶಾಲು ಹೊದ್ದೆ.

"ಕುದ್ದು ಹೋಗ್ತೀರಿ. ಹೇಳಿಬಿಡ್ರಿ ಅತ್ತಾಗ," ಎಂದಳು ದ್ಯಾಮಕ್ಕ.

"ಸುಮ್ನಿರಲೇ. ಮಗಳು ಬಾಳ್ವಿ ಮಾಡೋ ಮನಿ."

ಪಂಕ್ತಿಯಲ್ಲಿ ಕೂತು ಎಲೆ ನೋಡಿದೆ. ಕಾಳುಪಲ್ಯವಿಲ್ಲ, ಎಲೆಕೋಸಿಲ್ಲ. ಸೌತೆಕಾಯಿಗೆ ಸಿಪ್ಪೆಯಿಲ್ಲ, ಬೀಜವೂ ಇಲ್ಲ. ತೊವ್ವೆ, ಮೆತ್ತನೆ ಅನ್ನ, ಶೇಂಗಾ ಹೋಳಿಗೆ, ಅಷ್ಟೇ. ಬೀಗರ ಕೈ ಬಹಳ ಬಿಗಿ ಎಂದು ಒಳಗೊಳಗೇ ನಕ್ಕೆ.

ಕೊನೆಯವನ ಊಟ ಮುಗಿಯದೆ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಎಲ್ಲರ ಕೈ ಒಣಗಿದವು. ನಾನಿನ್ನೂ ಮೊದಲ ಹೋಳಿಗೆಯಲ್ಲಿದ್ದೆ. ಅನುಮಾನ ಬರಬಾರದೆಂದು ಗಟ್ಟಿದನಿಯಲ್ಲಿ ಕೇಳಿದೆ:

"ಬೀಗರ, ಕಾಳುಪಲ್ಯ ಮಾಡಿಸಿಲ್ಲೇನ್ರಿ? ನನಗ ಅದಂದ್ರ ಜೀವ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದ್ಯಾಮಕ್ಕ ಹಣೆ ಚಚ್ಚಿಕೊಂಡಳು.

ಕರಿಸಿದ್ದಪ್ಪ ಮೆಲ್ಲಗೆ ಹೇಳಿದರು: "ನಿಮ್ಮ ಚೀಲಕ್ಕ ಆಗಂಗಿಲ್ಲಂತ ಗಾದೆಮ್ಮ ಹೇಳ್ಯಾಳ್ರಿ. ನಿಮ್ಮ ಎದುರಿಗೆ ನಾವು ಹೆಂಗ ತಿನ್ನೋದು? ಅದಕ್ಕ ಯಾರಿಗೂ ಮಾಡಿಸಿಲ್ಲ."

ಇಡೀ ಪಂಕ್ತಿ ನನ್ನ ಕರುಳಿಗೆ ಒಗ್ಗುವ ಊಟವನ್ನೇ ಉಂಡಿತ್ತು. ಶಾಲು ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡೆ. (ಬೆವರು ಎಂದು ಹೇಳಿದೆ. ಯಾರೂ ನಂಬಲಿಲ್ಲ.) ಇಂಥವರನ್ನು ಇನ್ನೂ ಕಾಯಿಸುವುದೇ ಎಂದು ಉಳಿದ ಹೋಳಿಗೆಯನ್ನು ಮಡಚಿ ಒಮ್ಮೆಗೇ ನುಂಗಲು ಬಾಯಿ ತೆರೆದೆ.

"ನುಣ್ಣಗ ಅಗೀರಿ," ಎಂದಿತು ಪಂಕ್ತಿ, ಈ ತುದಿಯಿಂದ ಆ ತುದಿಯವರೆಗೆ.

ಮನೆಯಲ್ಲಿ ಒಬ್ಬಳೇ ದ್ಯಾಮಕ್ಕ; ಇಲ್ಲಿ ಸಾಲುಸಾಲಾಗಿ ದ್ಯಾಮಕ್ಕಂದಿರು, ಮೀಸೆ ಸಮೇತ. ನಾನು ಅಗಿದೆ. ಬಾಯಲ್ಲಿ ಏನೂ ಇಲ್ಲದ ಅವರ ದವಡೆಗಳೂ ನನ್ನ ಜೊತೆ ಮೆಲ್ಲಗೆ ಆಡಿದವು. ಕೊನೆಯ ತುತ್ತಿಳಿಸಿ ನೀರು ಕುಡಿದೆ. ಆಗ ಚೀಲ ಇಡೀ ಪಂಕ್ತಿಗೆ ಕೇಳುವಂತೆ ದೀರ್ಘವಾಗಿ ಗುರ್ರೆಂದಿತು. ನಾನು ತಲೆ ತಗ್ಗಿಸಿದೆ.

ಕರಿಸಿದ್ದಪ್ಪನವರು ಸಮಾಧಾನದಿಂದ ತಮ್ಮ ಎಲೆ ಮಡಚಿದರು.

"ಬೀಗರ ಚೀಲ ಹೂಂ ಅಂತು. ಇನ್ನ ಏಳ್ರಪ್ಪ."